ಶುಗರ್ ರಿಪೋರ್ಟ್‌ನಲ್ಲಿ ಬಾಲ್ಯ ಕಾಣ್ಸಲ್ಲ

ಡಯಾಬಿಟಿಸ್ ಇರೋ ಯಾರನ್ನ ಬೇಕಾದ್ರೂ ಕೇಳಿ, ಡಾಕ್ಟ್ರು ಏನೇನು ಕೇಳ್ತಾರೆ ಅನ್ನೋದು ಬಾಯಿಪಾಠ ಆಗಿರತ್ತೆ. ಫಾಸ್ಟಿಂಗ್ ಎಷ್ಟಿದೆ, ಊಟ ಆದ್ಮೇಲೆ ಎಷ್ಟು, ಎಚ್‌ಬಿಎ1ಸಿ ಅಂದ್ರೆ ಎರಡು ಮೂರು ತಿಂಗಳ ಸರಾಸರಿ ಶುಗರ್ ಎಷ್ಟು, ಮಾತ್ರೆ ತಪ್ಪಿಸ್ತಿಲ್ಲ ತಾನೆ, ವಾಕಿಂಗ್ ಮಾಡ್ತಿದೀರಾ, ಅಪ್ಪ ಅಮ್ಮಂಗೆ ಶುಗರ್ ಇತ್ತಾ. ಈ ಕೊನೇ ಪ್ರಶ್ನೆ ಬಂದಾಗೆಲ್ಲ ನಂಗೆ ಒಂದು ಅನ್ಸತ್ತೆ, ಅಪ್ಪ ಅಮ್ಮನಿಂದ ರಕ್ತದಲ್ಲಿ ಏನು ಬಂತು ಅಂತ ಕೇಳ್ತಾರೆ, ಅವರ ಜೊತೆ ಬೆಳೆದ ಮನೆ ಹೇಗಿತ್ತು ಅಂತ ಮಾತ್ರ ಯಾರೂ ಕೇಳಲ್ಲ. ಆ ಮನೆಲಿ ರಾತ್ರಿ ನೆಮ್ಮದಿಯಾಗಿ ನಿದ್ದೆ ಬರ್ತಿತ್ತಾ, ಯಾರಾದ್ರೂ ಹೊಡೀತಿದ್ರಾ, ಅತ್ರೆ ಹತ್ರ ಕರ್ಕೊಳ್ಳೋರು ಒಬ್ಬರಾದ್ರೂ ಇದ್ರಾ. ಇದಕ್ಕೂ ಶುಗರ್‌ಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಇದೆ, ಅದರಲ್ಲೂ ಶುಗರ್ ಜೊತೆಗೆ ಡಿಪ್ರೆಶನ್ನೂ ಇರೋರಲ್ಲಿ ತುಂಬಾನೇ ಇದೆ, ಅದನ್ನೇ ಬರೀಬೇಕು ಅಂತ ಕೂತಿದೀನಿ.

ನನ್ನ ಬಗ್ಗೆ ಬೇಕಾದಷ್ಟು ಮಾತ್ರ ಹೇಳ್ತೀನಿ. ನಂಗೆ ಟೈಪ್ 2 ಡಯಾಬಿಟಿಸ್ ಇದೆ, ಅಂದ್ರೆ ಇನ್ಸುಲಿನ್ ಮೈಯಲ್ಲಿ ಸರಿಯಾಗಿ ಕೆಲಸ ಮಾಡದೇ ಬರೋ ಥರದ್ದು, ಅದು ಪತ್ತೆ ಆಗೋದಕ್ಕೆ ಎಷ್ಟೋ ವರ್ಷ ಮುಂಚಿಂದ ಡಿಪ್ರೆಶನ್ ಬರೋದು ಹೋಗೋದು ನಡೀತಾನೇ ಇತ್ತು. ನಮ್ಮಪ್ಪ ಕುಡೀತಿದ್ರು, ಕುಡಿದ ದಿನ ಹೊಡೀತಿದ್ರು, ಕುಡೀದೇ ಇದ್ದ ದಿನ ಯಾರ ಹತ್ರಾನೂ ಮಾತಾಡ್ತಿರ್ಲಿಲ್ಲ, ಅಮ್ಮ ಬದುಕಿ ಬದುಕಿ ಸುಸ್ತಾಗಿ ನಮ್ಮ ಕಡೆ ನೋಡೋಕೂ ಅವಳಲ್ಲಿ ಶಕ್ತಿ ಉಳಿದಿರ್ಲಿಲ್ಲ. ಇಂಥ ಮನೆಗಳಿಂದ ಬಂದೋರು ನಾವು ಬಹಳ ಜನ ಇದೀವಿ. ದೊಡ್ಡವರಾದ ಮೇಲೆ ಬಂದ ಖಾಯಿಲೆಗೂ ಎಂಟ್ಹತ್ತು ವರ್ಷದವರಿದ್ದಾಗಿನ ಆ ದಿನಗಳಿಗೂ ನಂಟಿರಬಹುದು ಅಂತ ನಮಗೆ ಯಾರೂ ಹೇಳಿರಲ್ಲ, ನಾವೂ ಯೋಚ್ನೆ ಮಾಡಿರಲ್ಲ, ಎಲ್ಲ ನಮ್ಮ ಸೋಮಾರಿತನ ನಮ್ಮ ಬಾಯಿಚಪಲ ಅಂದ್ಕೊಂಡು ಒಳಗೊಳಗೇ ನಮ್ಮನ್ನ ನಾವೇ ಬೈಕೊಂಡು ಇದ್ದುಬಿಟ್ಟಿರ್ತೀವಿ.

ದುಃಖಕ್ಕೂ ಸಕ್ಕರೆ ಖಾಯಿಲೆಗೂ ನಂಟಿದೆ ಅನ್ನೋದು ಹೊಸ ಮಾತೇನಲ್ಲ. 17ನೇ ಶತಮಾನದಲ್ಲೇ ಥಾಮಸ್ ವಿಲ್ಲಿಸ್ ಅನ್ನೋ ಇಂಗ್ಲಿಷ್ ವೈದ್ಯ, ಡಯಾಬಿಟಿಸ್ ಬರೋದಕ್ಕೆ ದೀರ್ಘಕಾಲದ ದುಃಖಾನೂ ಒಂದು ಕಾರಣ ಅಂತ ಬರೆದಿಟ್ಟಿದ್ದ. ಆಮೇಲೆ ಅದು ಎಲ್ಲೋ ಮರೆತು ಹೋಯ್ತು. 2001ರಲ್ಲಿ ಆಂಡರ್ಸನ್ ಅನ್ನೋ ಸಂಶೋಧಕರು ಮತ್ತೆ ಅವರ ಜೊತೆಯವರು 42 ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದ್ರು, ಡಯಾಬಿಟಿಸ್ ಇಲ್ಲದೋರಿಗೆ ಹೋಲಿಸಿದ್ರೆ ಇರೋರಲ್ಲಿ ಡಿಪ್ರೆಶನ್ ಸಾಧ್ಯತೆ ಸುಮಾರು ಎರಡು ಪಟ್ಟು ಅಂತ ಬಂತು, ಟೈಪ್ 1 ಆಗ್ಲಿ ಟೈಪ್ 2 ಆಗ್ಲಿ ಹೆಚ್ಚುಕಮ್ಮಿ ಅದೇ ಕಥೆ. ಸಹಜ ಬಿಡಿ, ಜೀವನಪೂರ್ತಿ ಇರೋ ಖಾಯಿಲೆ ಅಂದ್ರೆ ಬೇಜಾರಾಗ್ದೇ ಇರತ್ತಾ ಅಂತ ಅನ್ಸಬಹುದು. ಆದ್ರೆ ಇದು ಎರಡೂ ಕಡೆ ಹರಿಯೋ ಸಂಬಂಧ. 2008ರಲ್ಲಿ ಬಂದ ಇನ್ನೊಂದು ದೊಡ್ಡ ವಿಶ್ಲೇಷಣೆ ಪ್ರಕಾರ ಮೊದಲೇ ಡಿಪ್ರೆಶನ್ ಇರೋರಿಗೆ ಮುಂದೆ ಟೈಪ್ 2 ಬರೋ ಅಪಾಯ ಸುಮಾರು 60 ಪರ್ಸೆಂಟ್ ಜಾಸ್ತಿ, ಟೈಪ್ 2 ಇರೋರಿಗೆ ಹೊಸದಾಗಿ ಡಿಪ್ರೆಶನ್ ಬರೋ ಅಪಾಯ ಸುಮಾರು 15 ಪರ್ಸೆಂಟ್ ಜಾಸ್ತಿ. ಅಂದ್ರೆ ಎಷ್ಟೋ ಜನರಲ್ಲಿ ಮನಸ್ಸು ಮೊದ್ಲು ಕುಸಿದಿರತ್ತೆ, ಶುಗರ್ ಆಮೇಲೆ ಬಂದಿರತ್ತೆ. ಹಾಗಾದ್ರೆ ಎರಡಕ್ಕೂ ಹಿಂದೆ, ಇನ್ನೂ ಹಿಂದೆ ಏನಿದೆ ಅಂತ ನೋಡ್ಬೇಕಲ್ವಾ.

ಅಲ್ಲಿಗೆ ಬಂದ್ರೆ ಒಬ್ಬ ಡಾಕ್ಟ್ರ ಕಥೆ ಹೇಳ್ಲೇಬೇಕು. ವಿನ್ಸೆಂಟ್ ಫೆಲಿಟ್ಟಿ ಅಂತ, ಅಮೆರಿಕಾದ ಸ್ಯಾನ್ ಡಿಯಾಗೋದಲ್ಲಿ ಕೈಸರ್ ಪರ್ಮನೆಂಟೆ ಸಂಸ್ಥೆಯಲ್ಲಿ ತೂಕ ಇಳಿಸೋ ಕ್ಲಿನಿಕ್ ನಡೆಸ್ತಿದ್ರು, 1980ರ ದಶಕದ ಮಾತು. ಅವರನ್ನ ಒಂದು ವಿಷಯ ಕಾಡ್ತಿತ್ತು, ಚೆನ್ನಾಗಿ ತೂಕ ಇಳಿಸ್ತಿದ್ದ ಜನಾನೇ ಅರ್ಧಕ್ಕೆ ಬಿಟ್ಟು ಹೋಗ್ತಿದ್ರು. ಇಳೀದೇ ಇದ್ದೋರು ಬಿಟ್ರೆ ಅರ್ಥ ಆಗತ್ತೆ, ಇಳಿದೋರು ಯಾಕೆ ಬಿಡ್ತಾರೆ? ಕೂರಿಸಿ ಒಬ್ಬೊಬ್ಬರನ್ನೇ ಮಾತಾಡಿಸ್ತಾ ಹೋದಾಗ, ಅವರಲ್ಲಿ ತುಂಬಾ ಜನ ಚಿಕ್ಕವರಿದ್ದಾಗ ಲೈಂಗಿಕ ದೌರ್ಜನ್ಯ ಅನುಭವಿಸಿದೋರು ಅಂತ ಗೊತ್ತಾಯ್ತು. ದಪ್ಪ ಇರೋ ಮೈ ಅವರಿಗೆ ಒಂದು ರಕ್ಷಣೆ ಆಗಿತ್ತು, ತೂಕ ಇಳೀತಿದ್ದ ಹಾಗೆ ಆ ರಕ್ಷಣೆ ಹೋಗ್ತಿದೆ ಅನ್ನೋ ಭಯ ಶುರು ಆಗ್ತಿತ್ತು. ಅಲ್ಲಿಂದ ಮುಂದೆ ಅವರು ಸಿಡಿಸಿ ಅನ್ನೋ ಅಮೆರಿಕಾ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆಯ ರಾಬರ್ಟ್ ಆಂಡಾ ಜೊತೆ ಸೇರಿ 1995ರಿಂದ 1997ರವರೆಗೆ ಹದಿನೇಳು ಸಾವಿರಕ್ಕೂ ಹೆಚ್ಚು ಜನರನ್ನ ಬಾಲ್ಯದ ಬಗ್ಗೆ ಕೇಳಿದ್ರು. ಹೊಡೆತ, ಬೈಗುಳ ಅವಮಾನ, ಲೈಂಗಿಕ ದೌರ್ಜನ್ಯ, ನಿರ್ಲಕ್ಷ್ಯ, ಮನೇಲಿ ಅಮ್ಮನ ಮೇಲೆ ಹಲ್ಲೆ, ಕುಡಿತ ಅಥವಾ ಡ್ರಗ್ಸ್, ಮಾನಸಿಕ ಖಾಯಿಲೆ, ತಂದೆ ತಾಯಿ ಬೇರೆ ಆಗೋದು, ಮನೆಯವರು ಜೈಲಿಗೆ ಹೋಗೋದು, ಇಂಥವನ್ನ ಒಂದೊಂದಾಗಿ ಎಣಿಸಿದ್ರು. ಮೊದಲ ವರದಿ ಬಂದಿದ್ದು 1998ರಲ್ಲಿ. ಇಂಥವುಗಳಲ್ಲಿ ಒಂದೂ ಅನುಭವಿಸದೋರಿಗೆ ಹೋಲಿಸಿದ್ರೆ ನಾಲ್ಕು ಅಥವಾ ಅದಕ್ಕಿಂತ ಜಾಸ್ತಿ ಅನುಭವಿಸಿದೋರಲ್ಲಿ ಡಿಪ್ರೆಶನ್‌ನ ಸಾಧ್ಯತೆ ನಾಲ್ಕು ಪಟ್ಟಿಗೂ ಮೀರಿತ್ತು, ಡಯಾಬಿಟಿಸ್‌ನ ಸಾಧ್ಯತೆ 1.6 ಪಟ್ಟು. ಡಯಾಬಿಟಿಸ್ ಅಂಕಿ ಡಿಪ್ರೆಶನ್ ಅಷ್ಟು ದೊಡ್ಡದಲ್ಲ, ನಿಜ, ಆದ್ರೆ ಒಂದೇ ಬಾಲ್ಯ ಎರಡನ್ನೂ ಹೆಚ್ಚಿಸ್ತಿದೆ ಅಂದ್ರೆ ಎರಡೂ ಒಂದೇ ಮೈಯಲ್ಲಿ ಸೇರೋ ಸಂಭವ ಎಷ್ಟಿರಬಹುದು ಯೋಚಿಸಿ.

ಮೈಯೊಳಗೆ ಏನಾಗತ್ತೆ ಅನ್ನೋದನ್ನ ಅರ್ಥ ಮಾಡ್ಕೊಳ್ಳೋದು ನಂಗೆ ತುಂಬಾ ಮುಖ್ಯ ಆಗಿತ್ತು, ಯಾಕಂದ್ರೆ ಅದು ಅರ್ಥ ಆದ್ಮೇಲೇ ನನ್ನ ಮೇಲಿನ ಸಿಟ್ಟು ಸ್ವಲ್ಪ ಇಳೀತು. ರಾತ್ರಿ ಹೊತ್ತು ಮಕ್ಕಳು ಹಾಸಿಗೆಲಿ ಮಲ್ಗಿರ್ತಾರೆ, ನಿದ್ದೆ ಬಂದಿರಲ್ಲ, ಮೈಯೆಲ್ಲ ಕಿವಿ ಮಾಡ್ಕೊಂಡು ಹೊರಗಿನ ಹೆಜ್ಜೆ ಸದ್ದು ಕೇಳ್ತಾ ಇರ್ತಾರೆ. ಹೆಜ್ಜೆ ಹೇಗೆ ಬೀಳ್ತಿದೆ, ಚಪ್ಪಲಿ ಬಿಟ್ಟಿದ್ದು ಮೆಲ್ಲಗಾ ಜೋರಾಗಾ, ಬಾಗಿಲು ತಳ್ಳಿದ್ದು ಹೇಗೆ, ಬರೀ ಇಷ್ಟರಲ್ಲೇ ಇವತ್ತು ಏನಾಗತ್ತೆ ಅಂತ ಅವಕ್ಕೆ ಗೊತ್ತಾಗಿ ಬಿಡತ್ತೆ. ಆ ಹೊತ್ತಲ್ಲಿ ಮೆದುಳು ಅಪಾಯ ಅಂತ ಕೂಗತ್ತೆ, ಒತ್ತಡದ ಹಾರ್ಮೋನುಗಳಾದ ಅಡ್ರಿನಲಿನ್ ಬರತ್ತೆ, ಕಾರ್ಟಿಸಾಲ್ ಬರತ್ತೆ, ಲಿವರ್ ಕೂಡಿಟ್ಟಿದ್ದ ಸಕ್ಕರೇನ ರಕ್ತಕ್ಕೆ ಬಿಡತ್ತೆ, ಓಡೋಕೆ ಅಥವಾ ಹೊಡೆದಾಡೋಕೆ ಶಕ್ತಿ ಬೇಕಲ್ಲ ಅದಕ್ಕೆ. ಇದು ಜೀವ ಉಳಿಸೋ ವ್ಯವಸ್ಥೆ, ತಪ್ಪೇನಿಲ್ಲ. ಆದ್ರೆ ಮಗು ಓಡೋ ಹಾಗಿಲ್ಲ, ಹೊಡೆದಾಡೋ ಹಾಗೂ ಇಲ್ಲ, ಹೊದಿಕೆ ಒಳಗೆ ಉಸಿರು ಬಿಗಿ ಹಿಡ್ಕೊಂಡು ಮಲಗಿರ್ಬೇಕು ಅಷ್ಟೇ. ಇದು ಅಪರೂಪಕ್ಕೆ ಒಮ್ಮೆ ಆದ್ರೆ ಮೈ ಸರಿ ಮಾಡ್ಕೊಳ್ಳತ್ತೆ, ವಾರಕ್ಕೆ ಮೂರು ದಿನ ವರ್ಷಗಟ್ಲೆ ಆದ್ರೆ ಈ ಕಾವಲು ವ್ಯವಸ್ಥೆಯ ತಾಳಾನೇ ತಪ್ಪಿ ಹೋಗತ್ತೆ. ಮಳೆ ನಿಂತು ಎಷ್ಟೋ ಹೊತ್ತಾದ್ರೂ ಕೊಡೆ ಮಡಚೋಕೆ ಧೈರ್ಯ ಬರದೋರ ಹಾಗೆ, ಅಪಾಯ ಮುಗಿದು ದಶಕಗಳಾದ ಮೇಲೂ ಮೈ ಅಪಾಯಕ್ಕೆ ತಯಾರಾಗೇ ಇರತ್ತೆ. ಕಾರ್ಟಿಸಾಲ್ ಹೆಚ್ಚು ಕಾಲ ಜಾಸ್ತಿ ಇದ್ರೆ, ರಕ್ತದ ಸಕ್ಕರೆ ಇಳಿಸೋ ಇನ್ಸುಲಿನ್ ಕೆಲಸ ಮಾಡೋದು ಕಮ್ಮಿ ಆಗತ್ತೆ, ಹೊಟ್ಟೆ ಸುತ್ತ ಕೊಬ್ಬು ಸೇರತ್ತೆ, ಮತ್ತೆ ಅದೇ ವ್ಯವಸ್ಥೆ ಹದ ತಪ್ಪೋದು ಡಿಪ್ರೆಶನ್‌ನಲ್ಲೂ ಕಾಣತ್ತೆ.

ಇನ್ನೊಂದು ದಾರಿ ಉರಿಯೂತ, ಅಂದ್ರೆ ಗಾಯ ಸೋಂಕು ಆದಾಗ ಅದರ ವಿರುದ್ಧ ಮೈ ಏಳೋ ರೀತಿ (ಇನ್‌ಫ್ಲಮೇಶನ್). ನ್ಯೂಜಿಲೆಂಡ್‌ನ ಡ್ಯುನೆಡಿನ್ ಊರಲ್ಲಿ 1972–73ರಲ್ಲಿ ಹುಟ್ಟಿದ ಸಾವಿರ ಚಿಲ್ಲರೆ ಮಕ್ಕಳನ್ನ ಸಂಶೋಧಕರು ಇವತ್ತಿಗೂ ಬಿಡದೆ ಹಿಂಬಾಲಿಸ್ತಿದ್ದಾರೆ. ಆ ಮಕ್ಕಳು 32 ವರ್ಷದವರಾದಾಗ ರಕ್ತ ಪರೀಕ್ಷೆ ಮಾಡಿದ್ರು, ಬಾಲ್ಯದಲ್ಲಿ ಕಷ್ಟ ಕೊಟ್ಟು ಬೆಳೆಸಿದ ಮಕ್ಕಳಲ್ಲಿ ರಕ್ತದಲ್ಲಿ ಸಿಆರ್‌ಪಿ ಅನ್ನೋ ಪ್ರೋಟೀನ್ ಥರದ ಉರಿಯೂತದ ಗುರುತುಗಳು ಜಾಸ್ತಿ ಇತ್ತು. ನನ್ನ ಗಮನ ಸೆಳೆದಿದ್ದು ಅದೇ ಗುಂಪಿನ ಮೇಲೆ ಆಂಡ್ರಿಯಾ ಡನೇಸೆ ಮತ್ತು ಜೊತೆಯವರು 2008ರಲ್ಲಿ ಬರೆದ ಇನ್ನೊಂದು ವಿಷಯ, ಡಿಪ್ರೆಶನ್ ಇದ್ದೋರಲ್ಲಿ ಈ ಉರಿಯೂತ ಎದ್ದು ಕಾಣ್ತಿದ್ದಿದ್ದು ಬಾಲ್ಯದಲ್ಲಿ ಪೆಟ್ಟು ತಿಂದೋರಲ್ಲಿ. ಉರಿಯೂತ ಇನ್ಸುಲಿನ್‌ಗೂ ಅಡ್ಡಿ ಮಾಡತ್ತೆ, ಮನಸ್ಸನ್ನೂ ಮಂಕು ಮಾಡತ್ತೆ. 2012ರಲ್ಲಿ ಅದೇ ಡನೇಸೆ ಮತ್ತು ಇನ್ನಿಬ್ಬರು ಹಲವು ಅಧ್ಯಯನಗಳನ್ನ ಸೇರಿಸಿ ನೋಡಿದಾಗ, ಕಷ್ಟದ ಬಾಲ್ಯ ಇರೋರಲ್ಲಿ ಡಿಪ್ರೆಶನ್ ಮತ್ತೆ ಮತ್ತೆ ಬರೋ, ಬಿಡದೆ ಉಳ್ಕೊಳ್ಳೋ ಸಾಧ್ಯತೆ ಸುಮಾರು ಎರಡು ಪಟ್ಟು ಅಂತ ಸಿಕ್ತು, ಚಿಕಿತ್ಸೆಗೆ ಸ್ಪಂದಿಸೋದೂ ಸ್ವಲ್ಪ ಕಷ್ಟ ಅಂತ. ಇದನ್ನ ಓದಿ ನಂಗೆ ಹೆದರಿಕೆ ಆಗ್ಲಿಲ್ಲ, ಒಂಥರಾ ಸಮಾಧಾನಾನೇ ಆಯ್ತು. ಬೇರೆಯವರು ಆರು ತಿಂಗಳಲ್ಲಿ ಸರಿ ಹೋದ್ರು ನಾನ್ಯಾಕೆ ಹೋಗ್ಲಿಲ್ಲ ಅಂತ ಕೇಳ್ಕೊಂಡ ಪ್ರಶ್ನೆಗೆ ಉತ್ತರದ ಒಂದು ತುಂಡು ಅದರಲ್ಲಿತ್ತು.

ಹಾರ್ಮೋನು ಮಾತ್ರ ಅಂತ ಅಲ್ಲ, ಬದುಕಿನ ದಾರಿಗಳೂ ಇವೆ. ಭಯ ಆದಾಗ ಸಮಾಧಾನ ಮಾಡೋರು ಇಲ್ದೇ ಇದ್ರೆ ಮಗು ಸಿಕ್ಕಿದ್ದರಲ್ಲಿ ಸಮಾಧಾನ ಹುಡುಕ್ಕೊಳ್ಳತ್ತೆ, ಕೆಲವರಿಗೆ ಸಿಹಿ, ಕೆಲವರಿಗೆ ಮುಂದೆ ಸಿಗರೇಟು, ಕುಡಿತ. ನಿದ್ದೆ ಸರಿ ಇರಲ್ಲ, ಓದು ಹಾಳಾಗತ್ತೆ, ಓದು ಹಾಳಾದ್ರೆ ಒಳ್ಳೇ ಕೆಲಸ ಸಿಗಲ್ಲ, ದುಡ್ಡಿಲ್ದೇ ಇದ್ರೆ ಒಳ್ಳೇ ಊಟ ಔಷಧಿ ವಿಶ್ರಾಂತಿ ಎಲ್ಲಾನೂ ದೂರ. ಹಾಗಾಗಿ ಶಿಸ್ತು ಇಲ್ಲ ಅಂತ ಒಂದೇ ಮಾತಲ್ಲಿ ಹೇಳಿಬಿಡೋರನ್ನ ಕಂಡ್ರೆ ನಂಗೆ ಸಂಕಟ ಆಗತ್ತೆ.

ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡ್ಬೇಕು, ಇಲ್ಲಾಂದ್ರೆ ಓದಿದೋರು ಹೆದರ್ಕೊಂಡು ಬಿಡ್ತೀರಿ. ಬಾಲ್ಯ ಕಷ್ಟದಲ್ಲಿ ಕಳೆದೋರಿಗೆಲ್ಲ ಡಯಾಬಿಟಿಸ್ ಬರಲ್ಲ, ಡಿಪ್ರೆಶನ್ನೂ ಬರಲ್ಲ. ಸುಖವಾಗಿ ಬೆಳೆದೋರಿಗೂ ಎರಡೂ ಬರತ್ತೆ. ಟೈಪ್ 1 ಅಂತೂ ದೇಹದ ರೋಗನಿರೋಧಕ ವ್ಯವಸ್ಥೆ ಇನ್ಸುಲಿನ್ ಮಾಡೋ ಜೀವಕೋಶಗಳ ಮೇಲೆ ದಾಳಿ ಮಾಡಿ ಬರೋದು, ಅದಕ್ಕೆ ಯಾರ ಮನೆ ವಾತಾವರಣಾನೂ ಕಾರಣ ಅಂತ ಬೆರಳು ತೋರ್ಸಬಾರದು, ಆದ್ರೆ ಅದು ಬಂದ ಮೇಲೆ ದಿನಾ ಅದನ್ನ ನಿಭಾಯ್ಸೋ ವಿಷಯದಲ್ಲಿ ಬಾಲ್ಯದ ನೆರಳು ಖಂಡಿತ ಬೀಳತ್ತೆ. ಆ ಎಣಿಕೆ ಶುರು ಮಾಡಿದ ಆಂಡಾ ಅವರೇ 2020ರಲ್ಲಿ ಎಚ್ಚರಿಕೆ ಕೊಟ್ಟು ಬರೆದ್ರು, ಇದು ದೊಡ್ಡ ಜನಸಮೂಹವನ್ನ ಅರ್ಥ ಮಾಡ್ಕೊಳ್ಳೋಕೆ ಮಾಡಿದ್ದು, ಒಬ್ಬ ವ್ಯಕ್ತಿಯ ಭವಿಷ್ಯ ಹೇಳೋಕೆ ಅಲ್ಲ ಅಂತ. ಇಂಟರ್ನೆಟ್ಟಲ್ಲಿ ಆ ಎಣಿಕೆಯ ಹತ್ತು ಪ್ರಶ್ನೆ ಸಿಗತ್ತೆ, ಹೌದು ಅಂದ ಒಂದೊಂದಕ್ಕೂ ಒಂದಂಕ, ತುಂಬಿ ನೋಡಿ ಆರು ಬಂತು ಏಳು ಬಂತು ಅಂತ ತಲೆ ಮೇಲೆ ಕೈ ಹೊತ್ತು ಕೂರ್ಬೇಡಿ, ನಾಲ್ಕು ಸಲ ಪೆಟ್ಟು ತಿಂದೋರಿಗೂ ನಾಲ್ಕು ನೂರು ಸಲ ತಿಂದೋರಿಗೂ ಅಲ್ಲಿ ಒಂದೇ ಅಂಕ. ಮತ್ತೆ ಎಮ್ಮಿ ವರ್ನರ್ ಅನ್ನೋ ಮನಶ್ಶಾಸ್ತ್ರಜ್ಞೆಯ ಕೆಲಸ ಇದೆ, ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನ ದಶಕಗಟ್ಲೆ ನೋಡ್ತಾ ಹೋದ್ರು, ತುಂಬಾ ಕಷ್ಟದಲ್ಲಿ ಹುಟ್ಟಿ ಬೆಳೆದ ಮಕ್ಕಳಲ್ಲೂ ಸುಮಾರು ಮೂರನೇ ಒಂದು ಭಾಗ ಚೆನ್ನಾಗೇ ಬೆಳೆದು ನಿಂತ್ರು. ಅಂಥವರ ಬದುಕಲ್ಲಿ ಮತ್ತೆ ಮತ್ತೆ ಕಂಡಿದ್ದು ಏನಪ್ಪಾ ಅಂದ್ರೆ ನಂಬಬಹುದಾದ, ಪ್ರೀತಿ ಮಾಡೋ ಒಬ್ಬ ದೊಡ್ಡವರು, ಅಜ್ಜಿನೋ ಟೀಚರ್ರೋ ಪಕ್ಕದ ಮನೆಯವರೋ ಯಾರೋ ಒಬ್ರು.

ಈಗ ದಿನನಿತ್ಯದ ವಿಷಯಕ್ಕೆ ಬರ್ತೀನಿ, ನಿಜವಾಗ್ಲೂ ಹೇಳ್ಬೇಕು ಅನ್ಸಿದ್ದು ಇದೇ. ಗ್ಲುಕೋಮೀಟರ್ ಇರೋರಿಗೆ ಗೊತ್ತಿರತ್ತೆ, ಸ್ಟ್ರಿಪ್ ಹಾಕ್ಬೇಕು, ಬೆರಳ ತುದಿಗೆ ಚುಚ್ಚಬೇಕು, ಒಂದು ಹನಿ ರಕ್ತ ತಾಗಿಸ್ಬೇಕು, ಆಮೇಲೆ ಸ್ಕ್ರೀನ್ ಮೇಲೆ ಐದು, ನಾಲ್ಕು, ಮೂರು ಅಂತ ಇಳೀತಾ ಬರತ್ತೆ. ಆ ಕೆಲವೇ ಸೆಕೆಂಡು ನನ್ನ ಭುಜ ತಾನಾಗೇ ಮೇಲೆ ಹೋಗತ್ತೆ, ಹೊಟ್ಟೆ ಬಿಗಿ ಆಗತ್ತೆ, ಉಸಿರು ನಿಲ್ಲತ್ತೆ. ಚುಚ್ಚಿದ ನೋವಿಗಲ್ಲ ಅದು, ನೋವು ಆಗ್ಲೇ ಮುಗಿದಿರತ್ತೆ. ಈಗ ಬೈಗುಳ ಬೀಳತ್ತೆ ಅನ್ನೋ ನಿರೀಕ್ಷೆ ಅದು. 240 ಅಂತ ಜಾಸ್ತಿ ಬಂದ್ರೆ ಅದನ್ನ ಒಂದು ಅಂಕಿ ಅಂತ ಓದೋಕೆ ನಂಗೆ ಆಗ್ತಿರ್ಲಿಲ್ಲ, ನೀನು ಪ್ರಯೋಜನಕ್ಕೆ ಬಾರದೋನು ಅಂತಾನೇ ಕೇಳ್ಸೋದು, ಅದೂ ಯಾರ ದನಿಯಲ್ಲಿ ಅಂತ ಬೇರೆ ಹೇಳ್ಬೇಕಾಗಿಲ್ಲ. ಹಾಗೆ ಕೇಳ್ಸೋ ಮನುಷ್ಯ ಏನ್ ಮಾಡ್ತಾನೆ? ಮೀಟರ್‌ನ ಡ್ರಾಯರ್ ಒಳಗೆ ಹಾಕಿ ಮುಚ್ಚಿಡ್ತಾನೆ. ಬೈಯೋರ ಕಣ್ಣಿಗೆ ಬೀಳದ ಹಾಗೆ ಇದ್ದುಬಿಡೋದು ಚಿಕ್ಕಂದಿನಲ್ಲಿ ಕಲ್ತ ವಿದ್ಯೆ, ಆಗ ಅದು ನಿಜವಾಗ್ಲೂ ಕಾಪಾಡಿತ್ತು.

ಇದರ ಮೇಲೆ ಡಿಪ್ರೆಶನ್ ಸೇರ್ಕೊಂಡ್ರೆ ಕೇಳ್ಲೇಬೇಡಿ. ಡಯಾಬಿಟಿಸ್ ಅನ್ನೋದು ರೋಗಿ ತಾನೇ ದಿನಾ ನೂರು ಸಣ್ಣ ಸಣ್ಣ ತೀರ್ಮಾನ ತಗೊಂಡು ನಡೆಸ್ಬೇಕಾದ ಖಾಯಿಲೆ, ಏನು ತಿನ್ಲಿ, ಎಷ್ಟು ತಿನ್ಲಿ, ಈಗ ಚೆಕ್ ಮಾಡ್ಲಾ, ಇನ್ಸುಲಿನ್ ಎಷ್ಟು, ಕಾಲಲ್ಲಿ ಗಾಯ ಇದ್ಯಾ. ಡಿಪ್ರೆಶನ್ ಕಿತ್ಕೊಳ್ಳೋದು ಸರಿಯಾಗಿ ಅದೇ ಶಕ್ತೀನ, ತೀರ್ಮಾನ ತಗೊಳ್ಳೋ ಶಕ್ತಿ, ನಾಳೆ ಅನ್ನೋದು ಒಂದಿದೆ ಅಂತ ನಂಬೋ ಶಕ್ತಿ. ಮಾತ್ರೆ ಡಬ್ಬಿ ಕೈಗೆಟಕೋ ದೂರದಲ್ಲೇ ಇರತ್ತೆ, ನೀರೂ ಇರತ್ತೆ, ಆದ್ರೂ ಕೈ ಹೋಗಲ್ಲ. ಹೊರಗಿಂದ ನೋಡೋರಿಗೆ ಇದು ಅಸಡ್ಡೆ ಥರ ಕಾಣತ್ತೆ. ಶುಗರ್ ಏರತ್ತೆ, ಏರಿದ್ರೆ ಮೈ ಇನ್ನೂ ಸುಸ್ತು, ಸುಸ್ತಾದ್ರೆ ಮನಸ್ಸು ಇನ್ನೂ ಕೆಳಗೆ, ಹೀಗೆ ಒಂದನ್ನೊಂದು ಎಳ್ಕೊಂಡು ಹೋಗತ್ತೆ.

ಅಂಥ ಸ್ಥಿತಿಲಿ ನಾನು ಒಬ್ಬ ಡಾಕ್ಟ್ರ ಹತ್ರ ಹೋಗಿದ್ದೆ, ಅವರು ರಿಪೋರ್ಟ್ ನೋಡಿ ತಲೆ ಎತ್ತದೇನೇ, ಹೀಗೇ ಮಾಡ್ತಿದ್ರೆ ಕಾಲು ಕತ್ತರಿಸ್ಬೇಕಾಗತ್ತೆ ಕಣ್ರೀ, ಕಣ್ಣು ಹೋಗತ್ತೆ, ಆಮೇಲೆ ನನ್ನ ಹತ್ರ ಬಂದು ಅಳ್ಬೇಡಿ ಅಂದ್ರು. ಅವರ ಉದ್ದೇಶ ಕೆಟ್ಟದಿತ್ತು ಅಂತ ನಾನು ಹೇಳಲ್ಲ, ಹೆದರಿಸಿದ್ರೆ ಸರಿ ಹೋಗ್ತಾರೆ ಅನ್ನೋ ನಂಬಿಕೆ ಅವರದ್ದು. ನಾನು ಆ ಕುರ್ಚಿಲಿ ಕೂತು ತಲೆ ತಗ್ಗಿಸಿ ಹೂಂ ಸಾರ್ ಹೂಂ ಸಾರ್ ಅಂತಿದ್ದೆ, ಕೈ ತೊಡೆ ಕೆಳಗೆ ಸೇರ್ಕೊಂಡಿತ್ತು, ಕಿವಿ ಕೇಳ್ತಿತ್ತು ಆದ್ರೆ ಒಂದು ಮಾತೂ ಒಳಗೆ ಇಳೀತಿರ್ಲಿಲ್ಲ. ಅಪ್ಪನ ಮುಂದೆ ನಿಂತಾಗ ಹೇಗೆ ಒಳಗೆಲ್ಲ ಆಫ್ ಆಗ್ತಿತ್ತೋ ಥೇಟ್ ಹಾಗೇ. ಅಲ್ಲಿಂದ ಹೊರಗೆ ಬಂದ ಮೇಲೆ ಬಹಳ ಕಾಲ ಯಾವ ಡಾಕ್ಟ್ರ ಹತ್ರಾನೂ ಹೋಗ್ಲಿಲ್ಲ. ನಮ್ಮಂಥ ರೋಗಿಗಳ ಫೈಲಲ್ಲಿ ಹೇಳಿದ ಮಾತು ಕೇಳಲ್ಲ ಅಂತ ಬರೆದಿಡ್ತಾರೆ. ಆದ್ರೆ ಮಾತು ಕೇಳಿ ಕೇಳಿ, ಪೆಟ್ಟಿಗೆ ಹೆದರಿ ಹೆದರಿನೇ ಬೆಳೆದೋರು ನಾವು. ಹೆದರಿಸಿದ್ರೆ ನಾವು ಸರಿ ಹೋಗಲ್ಲ, ಮಾಯ ಆಗ್ತೀವಿ.

ಇದು ನನ್ನೊಬ್ಬನ ಅನ್ಸಿಕೆ ಅಂದ್ಕೋಬೇಡಿ. ಪಾಲ್ ಸಿಯೆಚನೋವ್ಸ್ಕಿ ಮತ್ತು ಜೊತೆಯವರು 2001ರಲ್ಲಿ ಡಯಾಬಿಟಿಸ್ ಇರೋರಲ್ಲಿ ಇದನ್ನೇ ನೋಡಿದ್ರು, ಚಿಕ್ಕಂದಿನಿಂದ ಯಾರನ್ನೂ ನಂಬಬಾರದು ಎಲ್ಲ ನಾನೇ ನೋಡ್ಕೋಬೇಕು ಅಂತ ಕಲಿತುಬಿಟ್ಟ ಸ್ವಭಾವದವರಲ್ಲಿ ಎಚ್‌ಬಿಎ1ಸಿ ಜಾಸ್ತಿ ಇತ್ತು, ಅದರಲ್ಲೂ ಡಾಕ್ಟ್ರ ಜೊತೆ ಮಾತುಕತೆ ಸರಿ ಇಲ್ಲ ಅಂದೋರಲ್ಲಿ ಇನ್ನೂ ಜಾಸ್ತಿ. ಡಾಕ್ಟ್ರು ಚೆನ್ನಾಗಿ ಮಾತಾಡಿಸ್ತಾರೆ ಅಂದೋರಲ್ಲಿ ಪರಿಸ್ಥಿತಿ ವಾಸಿ ಇತ್ತು. ಮಾತಾಡ್ಸೋ ರೀತಿ ಅನ್ನೋದು ಸೌಜನ್ಯದ ವಿಷಯ ಮಾತ್ರ ಅಂತ ತಿಳ್ಕೊಂಡಿರೋ ವೈದ್ಯರು ಇದನ್ನ ದಯವಿಟ್ಟು ಗಮನಿಸ್ಬೇಕು, ಮಾತಿನ ರೀತಿ ರಕ್ತದ ರಿಪೋರ್ಟ್‌ವರೆಗೂ ಹೋಗಿ ಮುಟ್ಟತ್ತೆ.

ಇನ್ನು ಗುರುತಿಸೋ ವಿಷಯ. ಎಲ್ಲ ಬೇಜಾರೂ ಡಿಪ್ರೆಶನ್ ಅಲ್ಲ. ಡಯಾಬಿಟಿಸ್ ನಿಭಾಯ್ಸಿ ನಿಭಾಯ್ಸಿ ರೋಸಿ ಹೋಗೋದು ಅಂತಾನೇ ಒಂದಿದೆ, ಡಯಾಬಿಟಿಸ್ ಡಿಸ್ಟ್ರೆಸ್ ಅಂತಾರೆ, ವಿಲಿಯಂ ಪೊಲೊನ್ಸ್ಕಿ ಮತ್ತು ಜೊತೆಯವರು 1995ರಲ್ಲೇ ಅದನ್ನ ಅಳೆಯೋಕೆ 20 ಪ್ರಶ್ನೆಗಳ ಒಂದು ಪಟ್ಟಿ ಮಾಡಿದ್ರು. ಅಂಥವರಿಗೆ ಬದುಕಿನ ಬೇರೆ ಕಡೆ ಸಂತೋಷ ಇರತ್ತೆ, ಶುಗರ್ ವಿಷಯ ಬಂದ್ರೆ ಮಾತ್ರ ಜೀವ ಹಿಂಡಿದ ಹಾಗಾಗತ್ತೆ, ಅವರಿಗೆ ಬೇಕಾಗಿರೋದು ಡಯಾಬಿಟಿಸ್ ಹೊರೆ ಕಮ್ಮಿ ಮಾಡೋ ಸಹಾಯ. ಡಿಪ್ರೆಶನ್ ಆದ್ರೆ ಎಲ್ಲದರ ಮೇಲೂ ಮಂಕು ಕವಿಯತ್ತೆ, ಇಷ್ಟ ಆಗ್ತಿದ್ದಿದ್ದೂ ಇಷ್ಟ ಆಗಲ್ಲ, ಎರಡು ವಾರಕ್ಕೂ ಮೀರಿ ಹೆಚ್ಚುಕಮ್ಮಿ ದಿನಾ ಹಾಗೇ ಇರತ್ತೆ. ಇದಕ್ಕೆ ಪಿಎಚ್‌ಕ್ಯೂ-9 ಅನ್ನೋ ಒಂಬತ್ತು ಪ್ರಶ್ನೆಗಳಿವೆ, ಒಟ್ಟು 27 ಅಂಕ, 10 ಅಥವಾ ಮೇಲೆ ಬಂದ್ರೆ ಸರಿಯಾಗಿ ಪರೀಕ್ಷೆ ಮಾಡಿಸ್ಬೇಕು ಅಂತ ಲೆಕ್ಕ. ಒಂದು ತೊಡಕು ಏನಂದ್ರೆ ಸುಸ್ತು, ನಿದ್ದೆ ಕೆಡೋದು, ಹಸಿವಲ್ಲಿ ಏರುಪೇರು, ಇವೆಲ್ಲ ಬರೀ ಶುಗರ್‌ನಿಂದಾನೂ ಆಗಬಹುದು, ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳೋರಿಗೆ ನಿದ್ದೆ ಹೇಗೆ ಬರತ್ತೆ ಹೇಳಿ. ಹಾಗಾಗಿ ಆಸಕ್ತಿ ಹೋಗಿರೋದು, ನಾನು ಯಾರಿಗೂ ಬೇಡ ಅನ್ಸೋದು, ಈ ಥರದ ಉತ್ತರಗಳನ್ನ ಹೆಚ್ಚು ಗಮನಿಸ್ಬೇಕು. ಶುಗರ್ 70ಕ್ಕಿಂತ ಕೆಳಗೆ ಬಿದ್ದಾಗ ಕೈ ನಡುಗೋದು ಬೆವರೋದು ಎದೆ ಹೊಡ್ಕೊಳ್ಳೋದು ಆಗತ್ತಲ್ಲ, ಗಾಬರಿ ಅಟ್ಯಾಕ್ ಬಂದ್ರೂ ಅದೇ ಥರ ಆಗತ್ತೆ, ಬಾಲ್ಯದ ಭಯ ಮೈಯಲ್ಲಿ ಉಳಿದಿರೋರಿಗೆ ಎರಡನ್ನೂ ಬೇರೆ ಮಾಡೋದು ಕಷ್ಟ. ಅಂಥ ಹೊತ್ತಲ್ಲಿ ಊಹೆ ಮಾಡ್ಬೇಡಿ, ಮೊದ್ಲು ಚೆಕ್ ಮಾಡಿ.

ಇನ್ನೊಂದು ಸಣ್ಣ ವಿಷಯ, ಆದ್ರೆ ಬಹಳ ಜನಕ್ಕೆ ಗೊತ್ತಿಲ್ಲ. ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೇನ ತುಂಬಾ ವರ್ಷದಿಂದ ತಗೊಳ್ತಿದ್ರೆ ವಿಟಮಿನ್ ಬಿ12 ಕಮ್ಮಿ ಆಗಬಹುದು, ಅದು ಕಮ್ಮಿ ಆದ್ರೆ ಸುಸ್ತು, ಮರೆವು, ಮಂಕು ಬರತ್ತೆ. ಥೈರಾಯ್ಡ್ ಕಮ್ಮಿ ಇದ್ರೂ ಹಾಗೇ. ಡಿಪ್ರೆಶನ್ ಅಂತ ಅನುಮಾನ ಬಂದಾಗ ಈ ಎರಡು ರಕ್ತ ಪರೀಕ್ಷೆ ಮಾಡಿಸೋಣ್ವಾ ಅಂತ ನೀವಾಗೇ ಕೇಳಿ.

ಚಿಕಿತ್ಸೆ ಇದೆ, ಕೆಲಸಾನೂ ಮಾಡತ್ತೆ. ಯೋಚನೆ ಮತ್ತು ನಡವಳಿಕೆ ಮೇಲೆ ಕೆಲಸ ಮಾಡೋ ಸಿಬಿಟಿ ಅನ್ನೋ ಮಾತಿನ ಚಿಕಿತ್ಸೆ ಟೈಪ್ 2 ಇರೋರ ಡಿಪ್ರೆಶನ್‌ಗೆ ನೆರವಾಗತ್ತೆ ಅಂತ 1998ರಲ್ಲೇ ಪ್ಯಾಟ್ರಿಕ್ ಲುಸ್ಟ್‌ಮನ್ ಮತ್ತು ಜೊತೆಯವರು ತೋರಿಸಿದ್ರು. ಡಿಪ್ರೆಶನ್ ಮಾತ್ರೆಗಳೂ ಸಹಾಯ ಮಾಡತ್ವೆ, ಆದ್ರೆ ಕೆಲವು ಮಾತ್ರೆಗಳಿಂದ ತೂಕ ಏರತ್ತೆ, ಕೆಲವು ಶುಗರ್ ಮೇಲೆ ಪರಿಣಾಮ ಮಾಡತ್ವೆ, ಹಾಗಾಗಿ ಮನೋವೈದ್ಯರಿಗೆ ಡಯಾಬಿಟಿಸ್ ಇದೆ ಅಂತಾನೂ ಶುಗರ್ ಡಾಕ್ಟ್ರಿಗೆ ಈ ಮಾತ್ರೆ ಶುರು ಮಾಡಿದೀನಿ ಅಂತಾನೂ ಹೇಳ್ಲೇಬೇಕು, ನಿಲ್ಲಿಸ್ಬೇಕು ಅನ್ಸಿದ್ರೂ ನೀವೇ ತಟ್ಟಂತ ನಿಲ್ಲಿಸ್ಬೇಡಿ. ನಂಗೆ ಎಲ್ಲಕ್ಕಿಂತ ಭರವಸೆ ಕೊಟ್ಟಿದ್ದು ವೇಯ್ನ್ ಕೇಟನ್ ಮತ್ತು ತಂಡ 2010ರಲ್ಲಿ ಪ್ರಕಟಿಸಿದ ಟೀಮ್‌ಕೇರ್ ಅನ್ನೋ ಪ್ರಯೋಗ. ಡಯಾಬಿಟಿಸ್ ಅಥವಾ ಹೃದಯದ ಖಾಯಿಲೆ ಜೊತೆ ಡಿಪ್ರೆಶನ್ ಇದ್ದ 214 ಜನ, ಅರ್ಧ ಜನಕ್ಕೆ ಎಂದಿನ ಚಿಕಿತ್ಸೆ, ಇನ್ನರ್ಧ ಜನಕ್ಕೆ ಒಬ್ಬ ನರ್ಸ್ ಆಗಾಗ ಭೇಟಿ ಮಾಡಿ ಮನಸ್ಸು, ಶುಗರ್, ಬಿಪಿ, ಕೊಲೆಸ್ಟ್ರಾಲ್ ಎಲ್ಲಾನೂ ಒಟ್ಟಿಗೆ ವಿಚಾರಿಸ್ಕೊಂಡು, ಹಿಂದೆ ವೈದ್ಯರ ತಂಡದ ಜೊತೆ ಮಾತಾಡಿ ಚಿಕಿತ್ಸೆ ಸರಿ ಮಾಡ್ತಾ ಹೋದ್ರು. ಒಂದು ವರ್ಷದಲ್ಲಿ ಎರಡನೇ ಗುಂಪಿನವರ ಡಿಪ್ರೆಶನ್ನೂ ಇಳೀತು, ಎಚ್‌ಬಿಎ1ಸಿನೂ ಇಳೀತು. ನಂಗೆ ಇದರಲ್ಲಿ ಕಾಣೋದು ಏನಂದ್ರೆ, ಒಬ್ಬ ಮನುಷ್ಯ ಮತ್ತೆ ಮತ್ತೆ ಬಂದು ಹೇಗಿದೀರಾ ಅಂತ ಕೇಳಿದ್ದು, ಉತ್ತರ ಕೆಟ್ಟದಾಗಿದ್ರೂ ಬಿಟ್ಟು ಹೋಗ್ದೇ ಇದ್ದಿದ್ದು. ನಮ್ಮಂಥವರ ಬಾಲ್ಯದಲ್ಲಿ ಸಿಗದೇ ಹೋಗಿದ್ದು ಅದೇ.

ಬಾಲ್ಯದ ವಿಷಯ ಎಲ್ಲಾ ಡಾಕ್ಟ್ರ ಹತ್ರಾನೂ ಬಿಚ್ಚಿ ಹೇಳ್ಬೇಕಾ ಅಂತ ಕೇಳ್ತೀರಿ. ಬೇಕಾಗಿಲ್ಲ. ವಿವರ ಹೇಳೋದು ಅದಕ್ಕೆ ತರಬೇತಿ ಇರೋ ಥೆರಪಿಸ್ಟ್ ಹತ್ರ, ನಿಮಗೆ ಧೈರ್ಯ ಬಂದಾಗ, ನಿಮ್ಮ ವೇಗದಲ್ಲಿ. ಶುಗರ್ ಡಾಕ್ಟ್ರಿಗೆ ಎರಡೇ ಮಾತು ಸಾಕು. ನಾನು ಈಗ ಒಂದು ಚೀಟಿಲಿ ಬರ್ಕೊಂಡು ಹೋಗಿ ಅವರ ಮುಂದೆ ಇಡ್ತೀನಿ, ಬಾಯಲ್ಲಿ ಹೇಳೋಕೆ ಇವತ್ತಿಗೂ ಆಗಲ್ಲ. ಚಿಕ್ಕವನಿದ್ದಾಗ ಮನೇಲಿ ಹೊಡೆತ ಬೈಗುಳ ಇತ್ತು, ಜೋರು ಮಾಡಿದ್ರೆ ನಂಗೆ ಏನೂ ತಲೆಗೆ ಹೋಗಲ್ಲ, ನಿಧಾನಕ್ಕೆ ಹೇಳಿದ್ರೆ ಖಂಡಿತ ಮಾಡ್ತೀನಿ ಅಂತ ಬರೆದಿದೆ ಅದರಲ್ಲಿ. ಈಗಿನ ಡಾಕ್ಟ್ರು ಅದನ್ನ ಓದಿ ಕುರ್ಚಿ ಸ್ವಲ್ಪ ನನ್ನ ಕಡೆ ತಿರುಗಿಸ್ಕೊಂಡು, ಸರಿ, ಈ ತಿಂಗಳು ಯಾವುದು ಒಂದು ಮಾಡೋಕೆ ಸಾಧ್ಯ ಅನ್ಸತ್ತೆ ನಿಮಗೆ, ಅಂತ ಕೇಳಿದ್ರು. ಒಂದು ಅಂದ್ರು, ಹತ್ತು ಅನ್ಲಿಲ್ಲ. ನಾನು ಬೆಳಿಗ್ಗೆ ಮಾತ್ರ ಚೆಕ್ ಮಾಡ್ತೀನಿ ಅಂದೆ. ಅಂಕಿ ಎಷ್ಟೇ ಬರ್ಲಿ ಬರೆದಿಡಿ, ಅದು ಮಾಹಿತಿ ಅಷ್ಟೇ, ನಿಮ್ಮ ಬಗ್ಗೆ ತೀರ್ಪಲ್ಲ ಅಂದ್ರು.

ಮನೆಯವರಿಗೂ ಒಂದು ಮಾತು, ನಿಮ್ಮ ಮನೇಲಿ ಶುಗರ್ ಇರೋರು ಕದ್ದು ತಿಂತಿದಾರೆ, ಚೆಕ್ ಮಾಡಿದೆ ಅಂತ ಸುಳ್ಳು ಹೇಳ್ತಿದಾರೆ ಅಂತ ಗೊತ್ತಾದ್ರೆ ಹಿಡಿದು ಎಲ್ಲರ ಮುಂದೆ ಮಾನ ತೆಗೀಬೇಡಿ. ಸುಳ್ಳು ಹೇಳೋದು ಭಯ ಇರೋರು. ಆ ಭಯ ನಿಮ್ಮಿಂದ ಬಂದಿದ್ದಲ್ಲದೇ ಇರಬಹುದು, ನಿಮಗಿಂತ ಎಷ್ಟೋ ಹಳೇದಿರಬಹುದು, ಆದ್ರೆ ಅದು ಇಳಿಯೋಕೆ ನಿಮ್ಮ ದನಿ ಇಳೀಬೇಕು. ಮಕ್ಕಳಿಗೆ ಟೈಪ್ 1 ಇರೋ ತಂದೆ ತಾಯಿಗಂತೂ ಕೈ ಮುಗಿದು ಕೇಳ್ಕೊಳ್ತೀನಿ, ಶುಗರ್ ಜಾಸ್ತಿ ಬಂದಾಗ ಮಗು ಮುಖ ನೋಡೋಕಿಂತ ಮುಂಚೆ ಮೀಟರ್ ನೋಡಿ ಮುಖ ಗಂಟಿಕ್ಕಬೇಡಿ, ಆ ಮಗು ಅಂಕಿ ಓದೋಕೆ ಮುಂಚೆ ನಿಮ್ಮ ಮುಖ ಓದೋದು ಕಲಿಯತ್ತೆ.

ಡಯಾಬಿಟಿಸ್ ಇರೋರಿಗೆ ವರ್ಷಕ್ಕೊಮ್ಮೆ ಕಣ್ಣು, ಕಾಲು, ಕಿಡ್ನಿ ಪರೀಕ್ಷೆ ಮಾಡಿಸಿ ಅಂತ ಹೇಳ್ತಾರಲ್ಲ, ಡಿಪ್ರೆಶನ್ನಿಗೂ ಹಾಗೇ ನೋಡಿಸ್ಕೊಳ್ಳೋದಿದೆ, ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಶನ್ ಕೂಡ ಅದನ್ನ ಶಿಫಾರಸು ಮಾಡತ್ತೆ. ಮುಂದಿನ ಸಲ ಹೋದಾಗ ಅವರು ಕೇಳ್ದೇ ಇದ್ರೆ ನೀವೇ ಕೇಳಿ, ನನ್ನ ಮನಸ್ಸಿಂದೂ ಒಮ್ಮೆ ನೋಡ್ತೀರಾ ಅಂತ. ಮತ್ತೆ ಆ ಒಂಬತ್ತು ಪ್ರಶ್ನೆಗಳಲ್ಲಿ ಕೊನೇದು, ಸತ್ತು ಹೋದ್ರೆ ವಾಸಿ ಅನ್ನೋ ಯೋಚನೆ ಬರತ್ತಾ ಅನ್ನೋದು. ಅದಕ್ಕೆ ಹೌದು ಅನ್ನೋದು ನಿಮ್ಮ ಉತ್ತರ ಆಗಿದ್ರೆ, ಇನ್ಸುಲಿನ್ ಕೈಗೆಟಕೋ ಮನೇಲಿ ಇರೋರು ನಾವು, ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯ್ಬೇಡಿ, ಇವತ್ತೇ ಒಬ್ಬರಿಗೆ ಫೋನ್ ಮಾಡಿ ಬಾಯಿಬಿಟ್ಟು ಹೇಳಿ, ಒಬ್ಬರೇ ಇರ್ಬೇಡಿ, ಹತ್ತಿರದ ಆಸ್ಪತ್ರೆಗೆ ಯಾರನ್ನಾದ್ರೂ ಕರ್ಕೊಂಡು ಹೋಗಿ.